ಗುಡುಗುಡಿ, ಹಕೀಮ ಮತ್ತು ನಾನು ಹೇಳಿದ ತಪ್ಪು ಕತೆ

ಚಾಮರಾಜಪೇಟೆಯ ನಮ್ಮ ಹಳೇ ಮನೆಯ ಅಟ್ಟದ ಮೇಲೆ ಒಂದು ಗುಡುಗುಡಿ ಇತ್ತು. ಪೂರ್ತಿ ಗುಡುಗುಡಿ ಅಲ್ಲ, ಅದರ ತಳ ಮಾತ್ರ. ಗಂಟೆಯ ಆಕಾರದ ಕಪ್ಪು ಲೋಹದ ಹೂಜಿ, ಮೈ ತುಂಬಾ ಬೆಳ್ಳಿಯ ಹೂಬಳ್ಳಿ. ನಮ್ಮ ಮುತ್ತಾತ ದಂಡಿನಲ್ಲಿ ಯಾರೋ ದೊರೆ ಊರಿಗೆ ಹೊರಟಾಗ ಆದ ಹರಾಜಿನಲ್ಲಿ ಅದನ್ನು ಕೊಂಡು ತಂದರಂತೆ. ಹೂದಾನಿ ಅಂದುಕೊಂಡು ತಂದದ್ದು. ಬಂದವರು ಯಾರೋ ನೋಡಿ "ಏನ್ರೀ, ಹುಕ್ಕಾ ಶುರು ಮಾಡಿದ್ರಾ?" ಅಂದ ಮೇಲೆ ಅದು ಅಟ್ಟಕ್ಕೆ ಏರಿತು. ತಮಾಷೆ ಏನು ಗೊತ್ತಾ, ಮುತ್ತಾತ ಸ್ವತಃ ದಿನಕ್ಕೆ ಒಂದು ಡಬ್ಬಿ ನಶ್ಯ ಖಾಲಿ ಮಾಡುವವರು. ಅದೂ ಹೊಗೆಸೊಪ್ಪೇ ತಾನೆ! ಆದರೆ ನಶ್ಯ ಮಡಿ, ಹುಕ್ಕಾ ಮೈಲಿಗೆ. ನಮ್ಮ ಪೇಟೆಗಳ ಲೆಕ್ಕಾಚಾರವೇ ಹಾಗೆ.

ಚಿಕ್ಕಂದಿನಿಂದ ಇತಿಹಾಸದ ಹುಚ್ಚು ಇರುವ ನನಗೆ ಆ ಹೂಜಿ ಅಂದ್ರೆ ಪ್ರಾಣ. ಮನೆಗೆ ಬಂದ ಮಕ್ಕಳಿಗೆಲ್ಲ ಅದನ್ನು ತೋರಿಸಿ ಒಂದು ಕತೆ ಹೇಳುತ್ತಿದ್ದೆ. ಅಕ್ಬರನ ಆಸ್ಥಾನಕ್ಕೆ ಹೊಸದಾಗಿ ತಂಬಾಕು ಬಂತಂತೆ, ಹೊಗೆ ಕುಡಿದು ದೊರೆಗೆ ಏನಾದರೂ ಆದೀತೆಂದು ಹಕೀಮ ಅಬುಲ್ ಫತ್ ಗಿಲಾನಿ ಎಂಬ ವೈದ್ಯ ಹೆದರಿದನಂತೆ, ಹೊಗೆಯನ್ನು ನೀರಿನಲ್ಲಿ ಹಾಯಿಸಿ ತೊಳೆದು ಕೊಡುವ ಉಪಾಯ ಕಂಡುಹಿಡಿದನಂತೆ, ಅದೇ ಹುಕ್ಕಾ ಆಯಿತಂತೆ. ಚೆನ್ನಾಗಿದೆ ಅಲ್ವಾ ಕತೆ? ಎಲ್ಲ ಕಡೆ ಇದೇ ಇದೆ. ಇವತ್ತಿಗೂ ಹುಡುಕಿದರೆ ಮೊದಲು ಸಿಗುವುದು ಇದೇ.

2017ರ ಒಂದು ಶನಿವಾರ ರಾತ್ರಿ ನನ್ನ ಅಕ್ಕನ ಮಗನ ಸ್ನೇಹಿತರಿಂದ ಫೋನ್ ಬಂತು. ಹುಡುಗ ಆಗ ಡಿಗ್ರಿ ಮೊದಲ ವರ್ಷ. ಬಸವನಗುಡಿಯಿಂದ ಬಹಳ ದೂರವೇನಲ್ಲದ ಒಂದು ಕೆಫೆಯ ಮಹಡಿ, ಕಿಟಕಿ ಮುಚ್ಚಿ ಏಸಿ ಹಾಕಿದ ಕೋಣೆ, ಆರು ಜನ, ಮೂರು ಹುಕ್ಕಾ. ಮೊದಲ ಸಲ. ಮುಕ್ಕಾಲು ಗಂಟೆ ಆದ ಮೇಲೆ ತಲೆನೋವು ಅಂದನಂತೆ, ಎದ್ದು ನಿಂತನಂತೆ, ಹಾಗೇ ಕುಸಿದನಂತೆ. ನಾನು ಹೋಗುವ ಹೊತ್ತಿಗೆ ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಮಲಗಿಸಿದ್ದರು. ಬೆರಳಿಗೆ ಸಿಕ್ಕಿಸಿದ ಯಂತ್ರ 98 ಅಂತ ತೋರಿಸುತ್ತಿತ್ತು. ಸರಿಯಾಗಿದೆಯಲ್ಲ ಅಂತ ನನಗೆ ಸಮಾಧಾನ. ಡಾಕ್ಟರಿಗೆ ಮಾತ್ರ ಸಮಾಧಾನ ಆಗಲಿಲ್ಲ. "ಇದ್ದಿಲು ಉರೀತಿತ್ತಾ ಅಲ್ಲಿ?" ಅಂತ ಒಂದೇ ಪ್ರಶ್ನೆ ಕೇಳಿದರು. ಹೌದು ಅಂದ ತಕ್ಷಣ ಮುಖಕ್ಕೆ ಆಮ್ಲಜನಕದ ಮಾಸ್ಕ್ ಹಾಕಿಸಿದರು. ಇದ್ದಿಲಿನಿಂದ ಬರುವ ಕಾರ್ಬನ್ ಮಾನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಆ ಬೆರಳಿನ ಯಂತ್ರಕ್ಕೆ ಎರಡರ ವ್ಯತ್ಯಾಸ ತಿಳಿಯುವುದಿಲ್ಲ, ಹಾಗಾಗಿ ಎಲ್ಲ ಸರಿಯಿದೆ ಎನ್ನುತ್ತಲೇ ಇರುತ್ತದೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ಬೆಳಿಗ್ಗೆ ಹುಡುಗ ಚೇತರಿಸಿಕೊಂಡ. ಬೈಯೋಣ ಅಂತ ಕೂತೆ. ಅವನು ನನ್ನ ಮುಖವನ್ನೇ ನೋಡಿ, "ನೀವೇ ಹೇಳಿದ್ರಲ್ಲ ಮಾವ, ನೀರು ಹೊಗೆಯನ್ನ ತೊಳೆಯುತ್ತೆ ಅಂತ" ಅಂದ.

ಬೈಗುಳ ಗಂಟಲಲ್ಲೇ ಉಳಿಯಿತು.

ಅವತ್ತಿನಿಂದ ಆ ಕತೆಯ ಬೆನ್ನು ಹತ್ತಿದೆ. ನಿಜವಾಗಿ ನಡೆದದ್ದೇನು ಅನ್ನುವುದಕ್ಕೆ ಕಣ್ಣಾರೆ ಕಂಡವನದೇ ಬರಹ ಇದೆ. ಅಸದ್ ಬೇಗ್ ಎಂಬ ಮೊಗಲ್ ಅಧಿಕಾರಿಯ ನೆನಪುಗಳು. ಎಲಿಯಟ್ ಮತ್ತು ಡೌಸನ್ನರ ಇತಿಹಾಸ ಸಂಪುಟಗಳಲ್ಲಿ ಅದರ ಇಂಗ್ಲಿಷ್ ಅನುವಾದ ಇದೆ, ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಓದಿದಾಗ ನನಗೆ ಮೊದಲು ಆದದ್ದು ಆಶ್ಚರ್ಯ. ಏಕೆಂದರೆ ಅಕ್ಬರನಿಗೆ ತಂಬಾಕು ಹೋದದ್ದು ನಮ್ಮ ವಿಜಯಪುರದಿಂದ!

1603-04ರಲ್ಲಿ ಅಸದ್ ಬೇಗ್‌ನನ್ನು ಅಕ್ಬರ್ ಬಿಜಾಪುರಕ್ಕೆ ಕಳಿಸುತ್ತಾನೆ. ಅಲ್ಲಿ ಆಗ ಎರಡನೇ ಇಬ್ರಾಹಿಂ ಆದಿಲ್ ಶಾಹ, ಸಂಗೀತದ ಹುಚ್ಚಿನ ಸುಲ್ತಾನ. ಅವನ ಮಗಳನ್ನು ಅಕ್ಬರನ ಮಗ ದಾನಿಯಾಲ್‌ನಿಗೆ ಕೊಡುವ ಮಾತುಕತೆ ಮುಗಿಸಿಕೊಂಡು ಬರುವುದು ಆ ಹೊತ್ತಿನ ಕೆಲಸ. ಬಿಜಾಪುರದ ಪೇಟೆಯನ್ನು ಅಸದ್ ಬೇಗ್ ಬಾಯಿ ತುಂಬಾ ಹೊಗಳುತ್ತಾನೆ. 30 ಗಜ ಅಗಲ, ಸುಮಾರು 2 ಕೋಸು ಉದ್ದದ ಬೀದಿ, ಪ್ರತಿ ಅಂಗಡಿಯ ಮುಂದೆ ಹಸಿರು ಮರ. (ನಮ್ಮ ಗಾಂಧಿ ಬಜಾರಿನ ಮರಗಳು ನೆನಪಾದವು, ಇರಲಿ.) ಅಲ್ಲೇ ಅವನಿಗೆ ತಂಬಾಕು ಕಾಣಿಸುತ್ತದೆ. ಹಿಂದೂಸ್ಥಾನದಲ್ಲಿ ಇಂಥದ್ದನ್ನು ನೋಡಿಯೇ ಇರಲಿಲ್ಲ ಅನ್ನುತ್ತಾನೆ. ಪಕ್ಕದ ಗೋವಾ 1510ರಲ್ಲೇ ಬಿಜಾಪುರದ ಕೈತಪ್ಪಿ ಪೋರ್ಚುಗೀಸರ ಪಾಲಾಗಿತ್ತು. ಅಮೆರಿಕದ ಎಲೆ ಆ ದಾರಿಯಲ್ಲೇ ಬಂದಿರಬೇಕು. ಹೀಗೆ ನೋಡಿದರೆ ಉತ್ತರದವರಿಗಿಂತ ಮೊದಲು ನಮ್ಮವರು ಹೊಗೆ ಬಿಟ್ಟಿದ್ದರು. ಹೆಮ್ಮೆ ಪಡುವುದೋ ಬೇಡವೋ ನೀವೇ ತೀರ್ಮಾನ ಮಾಡಿ :)

ಅಸದ್ ಬೇಗ್ ಒಂದಿಷ್ಟು ತಂಬಾಕು ಕೊಂಡ. ಸೇದಲು ಒಂದು ಕೊಳವೆಯನ್ನೂ ಮಾಡಿಸಿದ. ಕಾಂಡ ಸುಮಾತ್ರಾದ ಅಚೀನ್‌ನದು, ಮೂರು ಮೊಳ ಉದ್ದ, ಎರಡು ತುದಿಗೂ ರತ್ನ ಮತ್ತು ಮೀನಾಕಾರಿ ಕೆಲಸ. ಬಾಯಿಗಿಡುವ ತುದಿಗೆ ಯೆಮೆನ್ ದೇಶದ ಕೆಂಪು ಕಲ್ಲು. ಬೆಂಕಿ ಇಡುವ ಬಟ್ಟಲು ಚಿನ್ನದ್ದು. ಆದಿಲ್ ಶಾಹ ಕೊಟ್ಟಿದ್ದ ಎಲೆಅಡಿಕೆ ಚೀಲದಲ್ಲಿ ತಂಬಾಕು ತುಂಬಿ, ಎಲ್ಲವನ್ನೂ ಬೆಳ್ಳಿ ತಟ್ಟೆಯಲ್ಲಿಟ್ಟು ಕಾಣಿಕೆಗಳ ಜೊತೆ ದೊರೆಯ ಮುಂದೆ ಇಟ್ಟ.

ಗಮನಿಸಿ, ಈ ವರ್ಣನೆಯಲ್ಲಿ ಕಲ್ಲಿದೆ, ಚಿನ್ನವಿದೆ, ಬೆಂಕಿಯಿದೆ. ನೀರು ಇಲ್ಲ! ಅಕ್ಬರ್ ಸೇದಿದ್ದು ಒಣ ಚಿಲುಮೆ.

ಮುಂದಿನದು ಇನ್ನೂ ಸೊಗಸಾಗಿದೆ. ಅಕ್ಬರನ ಕಣ್ಣು ಆ ತಟ್ಟೆಯ ಮೇಲೆ ಬಿತ್ತು. ಇದೇನು ಅಂದ. ಪಕ್ಕದಲ್ಲಿದ್ದ ಖಾನ್-ಎ-ಆಜಂ, ಇದು ತಂಬಾಕು, ಮೆಕ್ಕಾ ಮದೀನಾಗಳಲ್ಲೂ ಗೊತ್ತಿರುವ ವಸ್ತು, ಔಷಧಿ ಅಂತ ತಂದಿದ್ದಾನೆ ಅಂದ. ದೊರೆ ಒಂದು ಚಿಲುಮೆ ಸಿದ್ಧ ಮಾಡು ಅಂತ ಹೇಳಿ ಬಾಯಿಗಿಟ್ಟ. ಕೂಡಲೇ ಆಸ್ಥಾನದ ವೈದ್ಯ ಮುಂದೆ ಬಂದು ಬೇಡ ಅಂದ. ಅಕ್ಬರ್ ಏನು ಹೇಳಿದ ಗೊತ್ತೇ? ಅಸದ್ ಬೇಗ್‌ನ ಸಂತೋಷಕ್ಕಾದರೂ ಸ್ವಲ್ಪ ಸೇದಬೇಕು ಅಂದ. ಎರಡು ಮೂರು ದಮ್ಮು ಎಳೆದ. ವೈದ್ಯ ಅದಕ್ಕಿಂತ ಹೆಚ್ಚು ಬಿಡಲಿಲ್ಲ.

ಮೊದಲ ದಮ್ಮಿಗೆ ಕಾರಣ ನಾಲಿಗೆಯ ರುಚಿಯಲ್ಲ, ಎದುರಿಗಿರುವವರ ಮನಸ್ಸು ನೋಯಿಸಬಾರದು ಅನ್ನುವ ದಾಕ್ಷಿಣ್ಯ. ನಾನೂರು ವರ್ಷ ಆದ ಮೇಲೆ ನಮ್ಮ ಹುಡುಗ ಹೇಳಿದ್ದೂ ಅದೇ. "ಎಲ್ರೂ ತಗೊಂಡ್ರು ಮಾವ, ನಾನೊಬ್ನೇ ಬೇಡ ಅನ್ನೋದು ಹೇಗೆ?"

ಆಮೇಲೆ ಆಸ್ಥಾನದಲ್ಲಿ ಚರ್ಚೆಯೇ ನಡೆಯಿತು. ಔಷಧಿ ಬಲ್ಲವನೊಬ್ಬನನ್ನು ಕರೆಸಿದರು. ನಮ್ಮ ಗ್ರಂಥಗಳಲ್ಲಿ ಇದರ ಹೆಸರಿಲ್ಲ, ಆದರೆ ಫಿರಂಗಿ ವೈದ್ಯರು ಹೊಗಳಿ ಬರೆದಿದ್ದಾರೆ ಅಂದ ಅವನು. ಮೊದಲ ವೈದ್ಯ ಜಗ್ಗಲಿಲ್ಲ. ಪರೀಕ್ಷೆ ಮಾಡದ ವಸ್ತು, ಗೊತ್ತಿಲ್ಲದ್ದನ್ನು ದೊರೆಗೆ ಕೊಡಲಾರೆ ಅಂದ. ಅಸದ್ ಬೇಗ್ ವಾದಕ್ಕೆ ನಿಂತ. ಫಿರಂಗಿಗಳೇನು ಮೂರ್ಖರಲ್ಲ, ಜಗತ್ತಿನ ಪ್ರತಿಯೊಂದು ರೂಢಿಯೂ ಒಂದು ಕಾಲಕ್ಕೆ ಹೊಸದೇ ಆಗಿತ್ತು ಅಂದ. ಅಕ್ಬರ್ ಆ ಮಾತಿಗೆ ತಲೆದೂಗಿದ. ವಾದದಲ್ಲಿ ಅಸದ್ ಬೇಗ್ ಗೆದ್ದ. ವಿಷಯದಲ್ಲಿ ಗೆದ್ದದ್ದು ಆ ವೈದ್ಯ ಅನ್ನುವುದು ತಿಳಿಯಲು ಮೂರೂವರೆ ಶತಮಾನ ಬೇಕಾಯಿತು. ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟಿನ ಬಗ್ಗೆ ಡಾಲ್ ಮತ್ತು ಹಿಲ್ ಬರೆದದ್ದು 1950ರಲ್ಲಿ.

ಅಕ್ಬರ್ ಚಟ ಹತ್ತಿಸಿಕೊಳ್ಳಲಿಲ್ಲ ಅಂತ ಅಸದ್ ಬೇಗ್‌ನೇ ಬರೆದಿದ್ದಾನೆ. ಆದರೆ ಸರದಾರರೆಲ್ಲ ಕೇಳಿ ಕೇಳಿ ತರಿಸಿಕೊಂಡರು, ವ್ಯಾಪಾರಿಗಳು ಮಾರಲು ಶುರು ಮಾಡಿದರು. 1617ರಲ್ಲಿ ಜಹಾಂಗೀರ್ ಹೊಗೆ ಸೇದಬಾರದೆಂದು ಆಜ್ಞೆ ಹೊರಡಿಸುವಷ್ಟು ಹಬ್ಬಿತ್ತು. ಆಜ್ಞೆಯಿಂದ ಏನೂ ಆಗಲಿಲ್ಲ ಅನ್ನುವುದು ಬೇರೆ ಮಾತು. ಸ್ವತಃ ಹೆಂಡ ಅಫೀಮು ಬಿಡಲಾರದ ದೊರೆಯ ಆಜ್ಞೆ, ಯಾರು ಕೇಳಿಯಾರು!

ಹಾಗಾದರೆ ಹಕೀಮ ಅಬುಲ್ ಫತ್ ಗಿಲಾನಿ? ಇಲ್ಲೇ ನಾನು ಎಡವಿದ್ದು. ಅವನು ನಿಜವಾದ ಮನುಷ್ಯ, ಅಕ್ಬರನಿಗೆ ಬಹಳ ಬೇಕಾದವನು. ಆದರೆ ಅವನು ಸತ್ತದ್ದು 1589ರಲ್ಲಿ! ಸಮಾಧಿ ಈಗಿನ ಪಾಕಿಸ್ತಾನದ ಹಸನ್ ಅಬ್ದಾಲ್‌ನಲ್ಲಿ ಇದೆ. ಅಸದ್ ಬೇಗ್ ಬೆಳ್ಳಿ ತಟ್ಟೆ ಹಿಡಿದು ಬರುವ ಹೊತ್ತಿಗೆ ಹಕೀಮ ಹೋಗಿ ಹದಿನೈದು ವರ್ಷ ಆಗಿತ್ತು. ಸತ್ತವನು ಬಂದು ನೀರಿನ ಉಪಾಯ ಹೇಳುವುದಕ್ಕೆ ಆಗುತ್ತದೆಯೇ? ಎರಡು ಇಸವಿ ಪಕ್ಕಪಕ್ಕ ಇಟ್ಟು ನೋಡಿದ್ದರೆ ಸಾಕಿತ್ತು. ಮೂವತ್ತು ವರ್ಷ ಕತೆ ಹೇಳಿದ ನಾನು ಒಂದು ದಿನವೂ ಇಟ್ಟು ನೋಡಿರಲಿಲ್ಲ. ಹುಕ್ಕಾದ ಹುಟ್ಟನ್ನು ಕೆಲವರು ಪರ್ಷಿಯಾಕ್ಕೆ ಒಯ್ಯುತ್ತಾರೆ, ಕೆಲವರು ಇಲ್ಲೇ ಅನ್ನುತ್ತಾರೆ. ಪದಗಳು ಮಾತ್ರ ಸುಳಿವು ಕೊಡುತ್ತವೆ. ಹುಕ್ಕಾ ಅಂದರೆ ಅರಬ್ಬಿಯಲ್ಲಿ ಡಬ್ಬಿ, ಭರಣಿ. ತುರ್ಕಿ ಕಡೆಯವರು ಹೇಳುವ ನರ್ಗಿಲೆಯ ಬೇರು ಪರ್ಷಿಯನ್ನಿನ ನಾರ್ಗೀಲ್, ಅಂದರೆ ನಮ್ಮ ನಾರಿಕೇಳ, ತೆಂಗಿನಕಾಯಿ! ಚಿಪ್ಪಿಗೆ ತೂತು ಮಾಡಿ ನೀರು ತುಂಬಿದ ಬಡವರ ಹುಕ್ಕಾದ ಗುರುತು ಆ ಪದದಲ್ಲಿ ಉಳಿದಿದೆ. ನಮ್ಮ ಗುಡುಗುಡಿ ಬರೀ ಸದ್ದಿನ ಮೇಲೆ ಹುಟ್ಟಿದ ಪದ. ಇನ್ನು ಚಿಲುಮೆ ಅಂದರೆ ಕನ್ನಡದಲ್ಲಿ ಬೆಂಕಿಯ ಬಟ್ಟಲೂ ಹೌದು, ನೀರಿನ ಬುಗ್ಗೆಯೂ ಹೌದು. ಬೆಂಕಿ ನೀರು ಎರಡೂ ಒಂದೇ ಪದದಲ್ಲಿ!

ನಮ್ಮ ಅಟ್ಟದ ಹೂಜಿಯೂ ಇದೇ ನಾಡಿನದು, ಬಿದರಿ ಕೆಲಸ. ಬಹುಪಾಲು ಸತು, ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಮೈ ಕೊರೆದು ಬೆಳ್ಳಿ ತುಂಬಿ, ಕೊನೆಗೆ ಬೀದರ್ ಕೋಟೆಯ ಮಣ್ಣನ್ನು ನವಸಾಗರದ ಜೊತೆ ಕಲಸಿ ಉಜ್ಜುತ್ತಾರೆ. ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. 17ನೇ ಶತಮಾನದ ಹುಕ್ಕಾ ತಳಗಳು ಗುಂಡಗೆ, ತೆಂಗಿನಕಾಯಿಯ ನೆನಪಿನಲ್ಲೋ ಏನೋ, ಸಿಂಬಿಯ ಮೇಲೆ ಕೂರಿಸಬೇಕಿತ್ತು. 18ನೇ ಶತಮಾನಕ್ಕೆ ಅಗಲ ತಳದ ಗಂಟೆ ಆಕಾರ ಬಂತು. ಲಂಡನ್ನಿನ, ನ್ಯೂಯಾರ್ಕಿನ ಸಂಗ್ರಹಾಲಯಗಳಲ್ಲಿ ಇವತ್ತು ಬೀದರಿನ ಹೆಸರು ಉಳಿಸಿರುವುದು ಈ ಹುಕ್ಕಾ ತಳಗಳೇ.

ಇಷ್ಟು ಚೆಂದದ ಪಾತ್ರೆ ಇಟ್ಟುಕೊಂಡವರು ಯಾರೂ ತಮ್ಮ ಹುಕ್ಕಾವನ್ನು ತಾವೇ ಹಚ್ಚುತ್ತಿರಲಿಲ್ಲ. ಅದಕ್ಕೆಂದೇ ಹುಕ್ಕಾಬರದಾರ ಎಂಬ ಆಳು. 1779ರಲ್ಲಿ ಕಲ್ಕತ್ತೆಯಲ್ಲಿ ವಾರನ್ ಹೇಸ್ಟಿಂಗ್ಸ್ ದಂಪತಿ ಊಟಕ್ಕೆ ಕರೆದ ಚೀಟಿಯಲ್ಲಿ, ಹುಕ್ಕಾಬರದಾರನನ್ನು ಬಿಟ್ಟು ಬೇರೆ ಆಳುಗಳನ್ನು ಕರೆತರಬೇಡಿ ಅಂತ ಬರೆದಿದ್ದರು. ಮಿಕ್ಕ ಆಳುಗಳು ಇಲ್ಲದೆ ಊಟ ನಡೆದೀತು, ಇವನಿಲ್ಲದೆ ಇಲ್ಲ!

ಏಕೆಂದರೆ ಅದು ನಿಜವಾಗಿಯೂ ಕಷ್ಟದ ಕೆಲಸ. ಹೊಸಬರು ಮಾಡುವ ತಪ್ಪುಗಳೆಲ್ಲ ಅವನ ಹೊಟ್ಟೆಪಾಡು. ನೀರು ಜಾಸ್ತಿ ಆದರೆ ಎಳೆಯುವಾಗ ಬಾಯಿಗೇ ಬರುತ್ತದೆ, ಕಡಿಮೆ ಆದರೆ ಗುಡುಗುಡು ಸದ್ದೇ ಇಲ್ಲ. ಕೊಳವೆಯ ತುದಿ ಒಂದು ಅಂಗುಲದಷ್ಟು ಮುಳುಗಿದರೆ ಸಾಕು. ಚಿಲುಮೆಗೆ ತಂಬಾಕನ್ನು ಅವಲಕ್ಕಿ ಡಬ್ಬಿಗೆ ತುಂಬಿದ ಹಾಗೆ ಒತ್ತಿದರೆ ಗಾಳಿ ಆಡದೆ ಮೇಲಿನದು ಕರಕಲು, ಕೆಳಗಿನದು ಹಸಿ. ಇದ್ದಿಲು ಎಲ್ಲ ಕಡೆ ಬೂದಿ ಹಿಡಿಯುವ ಮೊದಲೇ ಇಟ್ಟರೆ ಕಪ್ಪು ಹೊಗೆ. ಕೀಲುಗಳು ಸಡಿಲವಾದರೆ ಎಷ್ಟು ಎಳೆದರೂ ಬರೀ ಗಾಳಿ. ಹಳೇ ನೀರು ಚೆಲ್ಲದೆ, ಕೊಳವೆ ತೊಳೆಯದೆ ಬಿಟ್ಟರೆ ಮರುದಿನ ನಾತ. ಎಲ್ಲಕ್ಕಿಂತ ದೊಡ್ಡದು, ಹೊಸಬ ಅವಸರದಲ್ಲಿ ಜೋರಾಗಿ ಎಳೆಯುವುದು. ಎಳೆದಷ್ಟೂ ಕೆಂಡ ಉರಿಯುತ್ತದೆ, ತಂಬಾಕು ಸುಡುತ್ತದೆ, ಗಂಟಲು ಕೆರೆಯುತ್ತದೆ, ಹುಡುಗ ಕೆಮ್ಮಿ ಕಣ್ಣೀರು ಹಾಕುತ್ತಾನೆ.

ಆಗ ಸುಡುತ್ತಿದ್ದದ್ದು ಬೆಲ್ಲ ಅರೆದು ಕಲಸಿದ ತಂಬಾಕು. ಗುಡ ಮತ್ತು ತಮಾಕು ಸೇರಿ ಗುಡಾಕು ಅನ್ನುತ್ತಾರೆ. ಈಗಿನ ಹಣ್ಣಿನ ವಾಸನೆಯದು ಕಾಕಂಬಿ, ಗ್ಲಿಸರಿನ್ ಹಾಕಿದ್ದು, 1990ರ ದಶಕದಲ್ಲಿ ಈಜಿಪ್ಟಿನ ಕಡೆಯಿಂದ ಜಗತ್ತಿಗೆ ಹಬ್ಬಿತು. ಮೇಲೆ ಒಂದು ಅಲ್ಯುಮಿನಿಯಂ ಹಾಳೆ, ಅದರ ಮೇಲೆ ಕೆಂಡ. ಮಿಕ್ಕಿದ್ದೆಲ್ಲ ಹಳೇ ಕಾಲದ್ದೇ.

ಈಗ ನನಗೆ ಹೊಳೆದ ವಿಷಯಕ್ಕೆ ಬರುತ್ತೇನೆ. ಈ ತಪ್ಪುಗಳ ಪಟ್ಟಿ ಓದಿದವರಿಗೆ, ಇದನ್ನೆಲ್ಲ ಸರಿ ಮಾಡಿಕೊಂಡರೆ ತಲೆನೋವು ಬರುವುದಿಲ್ಲ, ಹುಡುಗ ಬಿದ್ದದ್ದು ಸರಿಯಾಗಿ ಕಟ್ಟದ ಹುಕ್ಕಾದಿಂದ ಅನ್ನಿಸುತ್ತದೆ. ನನಗೂ ಮೊದಲು ಹಾಗೇ ಅನ್ನಿಸಿತ್ತು. ಅವನನ್ನೇ ಕೇಳಿದೆ, ಗಂಟಲು ಕೆರೆಯಿತಾ, ಕಹಿ ಇತ್ತಾ? "ಇಲ್ಲ ಮಾವ, ತುಂಬಾ ಮೆತ್ತಗಿತ್ತು, ಅದಕ್ಕೇ ಎಳೀತಾನೇ ಇದ್ವಿ" ಅಂದ. ಕೆಫೆಯ ಹುಡುಗ ತನ್ನ ಕೆಲಸ ಚೆನ್ನಾಗಿ ಬಲ್ಲವನೇ ಆಗಿದ್ದ. ನೀರು ಸರಿ, ಚಿಲುಮೆ ಸರಿ, ಕೆಂಡ ನಿಗಿನಿಗಿ.

ತಪ್ಪಾಗಿ ಕಟ್ಟಿದ ಹುಕ್ಕಾ ಎರಡು ದಮ್ಮಿಗೇ ಕೆಮ್ಮಿಸಿ ಓಡಿಸುತ್ತದೆ. ಸರಿಯಾಗಿ ಕಟ್ಟಿದ್ದು ಒಂದು ಗಂಟೆ ಕೂರಿಸಿಕೊಳ್ಳುತ್ತದೆ. ನೀರು ಮಾಡುವುದು ಹೊಗೆಯನ್ನು ತಣ್ಣಗೆ ಮಾಡುವ ಕೆಲಸ. ನಿಕೋಟಿನ್ ಅಲ್ಪಸ್ವಲ್ಪ ನೀರಲ್ಲಿ ಉಳಿಯಬಹುದು, ಕಾರ್ಬನ್ ಮಾನಾಕ್ಸೈಡ್ ಗುಳ್ಳೆಗಳಲ್ಲಿ ಹಾಗೇ ದಾಟಿ ಬರುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಖಾರವೂ ಇಲ್ಲ. ತಣ್ಣನೆಯ ಹೊಗೆಯನ್ನು ಎದೆ ತುಂಬಾ, ಉದ್ದಕ್ಕೆ ಎಳೆಯಬಹುದು. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಹೊರಡಿಸಿದ ಸಲಹಾ ಟಿಪ್ಪಣಿಯ ಲೆಕ್ಕ ನೋಡಿ: ಒಂದು ಸಿಗರೇಟಿಗೆ 8ರಿಂದ 12 ದಮ್ಮು, ಒಟ್ಟು ಅರ್ಧ ಲೀಟರ್ ಚಿಲ್ಲರೆ ಹೊಗೆ. ಹುಕ್ಕಾದ ಒಂದು ಕೂಟಕ್ಕೆ 50ರಿಂದ 200 ದಮ್ಮು, ಒಂದೊಂದೂ 0.15ರಿಂದ 1 ಲೀಟರ್. ಒಂದು ಗಂಟೆ ಕೂತರೆ ಒಂದು ಸಿಗರೇಟಿನ 100ರಿಂದ 200 ಪಟ್ಟು ಹೊಗೆ ಒಳಗೆ ಹೋಗಬಹುದು. ಇದು ಹೊಗೆಯ ಪ್ರಮಾಣ, ಪ್ರತಿಯೊಂದು ವಿಷವೂ ಅಷ್ಟೇ ಪಟ್ಟು ಅಂತ ಅರ್ಥ ಅಲ್ಲ. ಆದರೆ ಕೆಂಡದ ಅನಿಲಕ್ಕೆ ಮುಚ್ಚಿದ ಕೋಣೆ ಸಿಕ್ಕಿದರೆ ಮುಗಿಯಿತು. ತಂಬಾಕೇ ಇಲ್ಲದ "ಹರ್ಬಲ್" ಹುಕ್ಕಾಕ್ಕೂ ಕೆಂಡ ಬೇಕಲ್ಲ! ಹಾಗಾಗಿ ಅದೂ ಅಷ್ಟೇ.

ಹುಕ್ಕಾಬರದಾರನ ನೂರಾರು ವರ್ಷದ ಜಾಣತನ ಹೊಗೆಯನ್ನು ಶುದ್ಧ ಮಾಡಲಿಲ್ಲ, ಹೊಗೆ ಶುದ್ಧವಾಗಿದೆ ಅಂತ ಅನ್ನಿಸುವ ಹಾಗೆ ಮಾಡಿತು. ಹಕೀಮನ ಕತೆ ಇಷ್ಟು ದಿನ ಬದುಕಿದ್ದೂ ಅದಕ್ಕೇ ಇರಬೇಕು. ಎಳೆದವನ ಗಂಟಲೇ ಸಾಕ್ಷಿ ಹೇಳುತ್ತಿತ್ತು.

ದಂಡಿನ ದೊರೆಗಳೂ ಕ್ರಮೇಣ ಚಿರೂಟು, ಸಿಗರೇಟಿಗೆ ಇಳಿದರು. 1913ರಲ್ಲಿ ಇಂಪೀರಿಯಲ್ ಟೊಬ್ಯಾಕೊ ಕಂಪನಿಯ ಸಿಗರೇಟು ಕಾರ್ಖಾನೆ ಬೆಂಗಳೂರಿಗೇ ಬಂತು. ಬೆಂಕಿಪೊಟ್ಟಣ ಇದ್ದರೆ ಸಾಕು, ಆಳು ಯಾಕೆ? ನಮ್ಮ ಕಡೆ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳಲ್ಲಿ ನಶ್ಯ, ಎಲೆಅಡಿಕೆಯ ಜೊತೆ ಹೊಗೆಸೊಪ್ಪು, ಕದ್ದು ಸೇದುವ ಬೀಡಿ. ಕೈಲಾಸಂ ಸಿಗರೇಟಂತೂ ನಾಡಿಗೇ ಗೊತ್ತು. ಗುಡುಗುಡಿ ಉಳಿದದ್ದು ತತ್ವಪದದಲ್ಲಿ. ಶರೀಫಜ್ಜನ ಹೆಸರಿನಲ್ಲಿ ಹಾಡುವ ಆ ಪದ ರಘು ದೀಕ್ಷಿತ್ ಬಾಯಲ್ಲಿ ಬಂದ ಮೇಲೆ ಕಾಲೇಜು ಹುಡುಗರೆಲ್ಲ ಗುನುಗಿದರು. ಅಲ್ಲಿ ಸುಡಬೇಕಾದದ್ದು ಮೋಹ ಅನ್ನುವುದನ್ನು ಬಿಟ್ಟು ಮಿಕ್ಕಿದ್ದೆಲ್ಲ ಅವರಿಗೆ ಅರ್ಥವಾಯಿತು.

ಈಗ ಕೆಫೆಗಳ ಹುಕ್ಕಾ ಮುಗಿದ ಅಧ್ಯಾಯ, ಕಾನೂನಿನ ಮಟ್ಟಿಗಾದರೂ. 2024ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಮಾರಾಟ, ಸೇವನೆ ಎರಡನ್ನೂ ನಿಷೇಧಿಸಿತು. ಏಪ್ರಿಲ್‌ನಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. 2025ರಲ್ಲಿ ಜಾರಿಗೆ ಬಂದ ತಿದ್ದುಪಡಿ ಕಾಯ್ದೆಯ ಪ್ರಕಾರ ಹುಕ್ಕಾ ಬಾರ್ ನಡೆಸಿದರೆ 1ರಿಂದ 3 ವರ್ಷ ಜೈಲು. ಜಹಾಂಗೀರನ ಆಜ್ಞೆಗಿಂತ ಇದು ಹೆಚ್ಚು ದಿನ ನಿಂತೀತೇ ನೋಡಬೇಕು. ಮನೆಗೆ ತರಿಸಿಕೊಂಡು ಬಾಗಿಲು ಹಾಕಿಕೊಂಡು ಸೇದುವವರ ಸುದ್ದಿ ಕೇಳಿದಾಗ ನನಗೆ ಹೆದರಿಕೆ ಆಗುವುದು ಪೊಲೀಸರ ವಿಷಯಕ್ಕಲ್ಲ, ಆ ಮುಚ್ಚಿದ ಬಾಗಿಲಿನ ವಿಷಯಕ್ಕೆ. ಪಕ್ಕದಲ್ಲಿ ಯಾರಿಗಾದರೂ ತಲೆನೋವು, ವಾಕರಿಕೆ ಅಂದರೆ ನಿಂಬೆ ಶರಬತ್ತು ಹುಡುಕುತ್ತಾ ಕೂರಬೇಡಿ. ಮೊದಲು ಬಯಲಿಗೆ ಕರೆತನ್ನಿ, ಆಮೇಲೆ ಆಸ್ಪತ್ರೆ, ಅಲ್ಲಿ ಇದ್ದಿಲಿನ ವಿಷಯ ಬಾಯಿಬಿಟ್ಟು ಹೇಳಿ. ಬೆರಳಿನ ಯಂತ್ರ 98 ಅಂದರೂ ಹೇಳಿ.

ಚಾಮರಾಜಪೇಟೆ ಮನೆ ಮಾರಿದಾಗ ಬಿದರಿ ಹೂಜಿ ಅಕ್ಕನ ಮನೆಗೆ ಹೋಯಿತು. ನವರಾತ್ರಿಗೆ ಅಕ್ಕ ಅದನ್ನು ಗೊಂಬೆಗಳ ಕೆಳಗಿನ ಮೆಟ್ಟಿಲಲ್ಲಿ, ಪಟ್ಟದ ಗೊಂಬೆಗಳ ಪಕ್ಕ ಇಡುತ್ತಾಳೆ, ಒಳಗೆ ನೀರು ತುಂಬಿ ಎರಡು ತಾವರೆ ಸಿಕ್ಕಿಸಿ. ಮುತ್ತಾತ ಕೊಂಡದ್ದೂ ಹೂದಾನಿ ಅಂತಲೇ ಅಲ್ಲವೇ. ಹೋದ ವರ್ಷ ಪಕ್ಕದ ಮನೆಯ ಹುಡುಗಿ ಇದೇನು ಅಂತ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅಕ್ಕನ ಮಗ ಶುರು ಮಾಡಿದ, "1589ರಲ್ಲಿ ಸತ್ತುಹೋದ ಒಬ್ಬ ಹಕೀಮ ಇದ್ದ..."